ದಪ್ಪ ಗಾಜಿನ ಬಾಟಲಿ

ಕಲ್ಲುಗುಂಡಿ
೮ ಜನವರಿ ೨೦೨೪

ಪ್ರೀತಿಯ ಅಣ್ಣ,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಪೂರ್ತಿಯಾಗಲು ಬಿಡುವುದಿಲ್ಲ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೆ ಇದು.

ನನಗೆ ಅಜ್ಜಿಯ ದೊಡ್ಡ ಭರಣಿ ಬೇಕು. ಆಲಂಕಾರಿನ ಮನೆಯ ಅಟ್ಟದಲ್ಲಿ, ಹಳೆಯ ತೊಟ್ಟಿಲಿನ ಹಿಂದೆ ಇದೆ ನೋಡು, ಅದೇ. ಯಾಕೆ ಎಂದು ನೀನು ಕೇಳಿಯೇ ಕೇಳುತ್ತೀ. ನಾನು ಮನೆಯಲ್ಲಿ ಬಿಯರ್ ಮಾಡಬೇಕೆಂದಿದ್ದೇನೆ.

ಈಗ ಕಾಗದ ಕೆಳಗಿಟ್ಟು ಅತ್ತಿಗೆಯನ್ನು ಕರೆದಿರಬಹುದು. ಒಂದು ಲೋಟ ನೀರು ಕುಡಿದು ಬಂದು ಮುಂದೆ ಓದು.

ನನಗೆ ಅರವತ್ತು ತುಂಬಿದ ದಿನ ನಿನ್ನ ಮಗಳು ಭವಿತಾ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದದ್ದು ನಿನಗೆ ಗೊತ್ತು. ಮೀನಿನ ಊಟ ಮಾಡಿದೆವು ಎಂದದ್ದೂ ನಿಜ. ಮೀನಿನ ಜೊತೆ ಒಂದೊಂದು ಗ್ಲಾಸು ಬಿಯರ್ ಕುಡಿದೆವು ಎಂದು ಮಾತ್ರ ಅವಳು ನಿನಗೆ ಹೇಳಿರಲಿಕ್ಕಿಲ್ಲ. ಕಿಟಕಿಯ ಪಕ್ಕ ಕೂತಿದ್ದೆವು. ಹೊರಗೆ ಬಸ್ಸು ಹೋಗುತ್ತಿತ್ತು, ಜನ ಹೋಗುತ್ತಿದ್ದರು, ಯಾರೂ ನಮ್ಮನ್ನು ನೋಡಿ ಕಲ್ಲು ಹೊಡೆಯಲಿಲ್ಲ. ಕಹಿ ಇತ್ತು. ಆದರೆ ಒಳ್ಳೆಯ ಕಹಿ. ಇದನ್ನು ಹೇಗೆ ಮಾಡುತ್ತಾರೆ ಎಂದು ಅಲ್ಲೇ ಯೋಚನೆ ಹತ್ತಿತು. ಪುತ್ತೂರಿನ ಕಾಲೇಜಿನ ಲ್ಯಾಬಿನಲ್ಲಿ ಇಡೀ ಆಯುಷ್ಯ ಬೇರೆಯವರ ಪ್ರಯೋಗಕ್ಕೆ ಗಾಜು ತೊಳೆದು ಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ನನ್ನದೊಂದು ಪ್ರಯೋಗ ಬೇಡವೇ?

ಸಂಪಾಜೆಯಿಂದ ಮೇಲೆ ಮಡಿಕೇರಿಯವರೆಗೆ ಮನೆಮನೆಯಲ್ಲಿ ಹೆಂಗಸರು ದ್ರಾಕ್ಷಿ ವೈನ್ ಮಾಡುತ್ತಾರೆ. ಅವರನ್ನು ಎಲ್ಲರೂ ಜಾಣೆಯರು ಎನ್ನುತ್ತಾರೆ. ಹಾಗಾದರೆ ನಾನೂ ಜಾಣೆ.

ಇನ್ನೊಂದು ವಿಷಯ. ಮೇ ತಿಂಗಳಲ್ಲಿ ನಾವು ತೀರಿಹೋದ ಕಾರಣವರಿಗೆ ಎಲೆ ಹಾಕಿ ಬಡಿಸುವಾಗ ನೀನು ಪ್ರತಿ ವರ್ಷ ವೈನ್‌ಶಾಪಿನಿಂದ ಬ್ರಾಂದಿ ತಂದು ಅವರ ಎಲೆಯ ಮುಂದೆ ಇಡುತ್ತೀ. ನಮ್ಮ ಅಜ್ಜ ಬದುಕಿರುವಾಗ ಬ್ರಾಂದಿಯ ಮುಖ ನೋಡಿದವರಲ್ಲ, ಬೈನೆ ಮರದ ಕಳ್ಳು ಕುಡಿದವರು. ಸತ್ತ ಮೇಲೆ ಯಾಕೆ ಈ ಶಿಕ್ಷೆ? ಈ ಸಲ ನಾನು ಮಾಡಿದ್ದನ್ನು ತರುತ್ತೇನೆ.

ಭರಣಿಯನ್ನು ಭವಿತಾಳ ಕೈಯಲ್ಲಿ ಕಳಿಸು. ಒಳಗೆ ಹಳೆಯ ಉಪ್ಪಿನಕಾಯಿ ಇದ್ದರೆ ತೆಗೆದು ಕಳಿಸು.

ನಿನ್ನ ತಂಗಿ
ಶೀಲಾವತಿ


ಆಲಂಕಾರು
೨೨ ಜನವರಿ ೨೦೨೪

ಚಿ. ಶೀಲಾವತಿಗೆ ಅಣ್ಣ ತೀರ್ಥರಾಮನ ಆಶೀರ್ವಾದಗಳು.

ಇತ್ತ ಕ್ಷೇಮ. ನಿನ್ನ ಕಾಗದ ಓದಿ ಎರಡು ದಿನ ಯಾರಿಗೂ ತೋರಿಸಲಿಲ್ಲ. ಮೂರನೆಯ ದಿನ ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಭರಣಿ ಕೊಡುವುದಿಲ್ಲ. ಅದರಲ್ಲಿ ಮಿಡಿ ಉಪ್ಪಿನಕಾಯಿ ಇದೆ. ಇರದಿದ್ದರೂ ಕೊಡುತ್ತಿರಲಿಲ್ಲ.

ನೀನು ಕಲಿತವಳು, ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಒಂಟಿ ಹೆಂಗಸು, ರಸ್ತೆ ಬದಿಯ ಮನೆ, ಅಲ್ಲಿ ಹಂಡೆ ಇಟ್ಟು ಮದ್ಯ ಕಾಯಿಸುತ್ತಾಳೆ ಎಂದು ಸುದ್ದಿಯಾದರೆ ಏನಾಗುತ್ತದೆ? ಅಬಕಾರಿಯವರು ಬಂದರೆ ಯಾರು ಉತ್ತರ ಕೊಡುವುದು? ಭವಿತಾಳಿಗೆ ಸಂಬಂಧ ನೋಡುತ್ತಿದ್ದೇವೆ. ಕೇಳಿಕೊಂಡು ಬಂದವರಿಗೆ ಹುಡುಗಿಯ ಅತ್ತೆ ಬಿಯರ್ ಮಾಡುತ್ತಾಳೆ ಎಂದು ಹೇಳಬೇಕೇ?

ಗಂಡಸರು ಕುಡಿಯುವುದಿಲ್ಲವೇ ಎಂದು ಕೇಳುತ್ತೀ, ನನಗೆ ಗೊತ್ತು. ಕುಡಿಯುತ್ತಾರೆ. ಆದರೆ ಹೆಂಗಸರ ಎದುರು ಕುಡಿಯುವುದಿಲ್ಲ. ಅದು ನಮ್ಮ ಮನೆಯ ಮರ್ಯಾದೆ. ಅಪ್ಪನ ಕಾಲದಿಂದ ಹಾಗೇ ನಡೆದುಕೊಂಡು ಬಂದಿದೆ.

ಕಾರಣವರ ಎಲೆಗೆ ಏನು ಇಡಬೇಕು ಎನ್ನುವುದು ಮನೆಯ ಯಜಮಾನನಿಗೆ ಬಿಟ್ಟದ್ದು. ಬೇಕಾದರೆ ಹೊಲಿಗೆ ಕಲಿ. ಜೇನು ಸಾಕು. ಜೇನುಪೆಟ್ಟಿಗೆ ನಾನೇ ಕೊಡಿಸುತ್ತೇನೆ.

ಇತಿ
ತೀರ್ಥರಾಮ


ಕಲ್ಲುಗುಂಡಿ
೨೫ ಫೆಬ್ರವರಿ ೨೦೨೪

ಅಣ್ಣನಿಗೆ,

ಜೇನುಪೆಟ್ಟಿಗೆ ಬೇಡ. ಇರುವ ಕಡಿತ ಸಾಕು.

ಭರಣಿ ಕೊಡದೆ ನೀನು ದೊಡ್ಡ ಉಪಕಾರ ಮಾಡಿದೆ. ಉಪ್ಪಿನಕಾಯಿ ಹಾಕಿದ ಭರಣಿಯ ವಾಸನೆ ಏನು ಮಾಡಿದರೂ ಹೋಗುವುದಿಲ್ಲವಂತೆ. ನೀನು ಕೊಟ್ಟಿದ್ದರೆ ನನ್ನ ಬಿಯರು ಮಾವಿನ ಮಿಡಿಯ ಹಾಗೆ ನಾರುತ್ತಿತ್ತು. ಸುಳ್ಯದಲ್ಲಿ ಮುಚ್ಚಳವಿರುವ ದೊಡ್ಡ ಬಕೆಟ್ ತೆಗೆದುಕೊಂಡೆ, ಆಹಾರ ಇಡಬಹುದಾದ ಪ್ಲಾಸ್ಟಿಕ್ಕಿನದ್ದು. ಮುಚ್ಚಳಕ್ಕೆ ತೂತು ಕೊರೆದು ಸಣ್ಣ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಟ್ಟಿದ್ದೇನೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮಾತು ಹೋಗುವುದಕ್ಕೆ ಪೂರಾ ತದ್ವಿರುದ್ಧ.

ಆದರೆ ಮೊದಲ ಸಲ ಮಾಡಿದ್ದು ಪೂರ್ತಿ ತೆಂಗಿನ ಬುಡಕ್ಕೆ ಹೋಯಿತು. ಕೇಳು. ಬಿಯರಿಗೆ ಬಾರ್ಲಿ ಮೊಳಕೆ ಬರಿಸಬೇಕು. ದಿನಸಿ ಅಂಗಡಿಯಿಂದ ಬಾರ್ಲಿ ತಂದು ನೆನೆಹಾಕಿದೆ. ಅದು ಸಿಪ್ಪೆ ಹೋಗಿ ನಯವಾದದ್ದು, ಮೊಳಕೆ ಎಲ್ಲಿಂದ ಬರಬೇಕು? ಹಳಸಿತು, ಅಷ್ಟೆ. ಆಮೇಲೆ ರಾಗಿಯ ನೆನಪಾಯಿತು. ಮಕ್ಕಳಿಗೆ ಮಣ್ಣಿ ಮಾಡಲು ರಾಗಿ ಮೊಳಕೆ ಬರಿಸುವುದು ನಮಗೆ ಹೊಸತೇ? ಬಟ್ಟೆಯಲ್ಲಿ ಕಟ್ಟಿಟ್ಟೆ, ಚಂದ ಮೊಳಕೆ ಬಂತು. ಅಂಗಳದಲ್ಲಿ ಒಣಗಿಸಿದರೆ ನೆರೆಮನೆಯ ಕೋಳಿಗಳು ಬಂದು ಅರ್ಧ ಮುಗಿಸಿದವು. ಹದವಾದ ಬಿಸಿಯಲ್ಲಿ ಒಣಗಿಸಬೇಕು ಎಂದು ಓದಿದ್ದೆನಲ್ಲ, ಉಳಿದದ್ದನ್ನು ಹಿತ್ತಿಲಿನಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ಹರಡಿದೆ. ಒಳ್ಳೆಯ ಬಿಸಿ, ಕೋಳಿಯ ಕಾಟವೂ ಇಲ್ಲ. ಎಷ್ಟು ಬುದ್ಧಿವಂತೆ ನಾನು ಎಂದುಕೊಂಡೆ!

ಬಿಯರ್ ಆದ ಮೇಲೆ ಒಂದು ಗುಟುಕು ಕುಡಿದೆ. ಅಣ್ಣ, ಲಾರಿಯ ಟಯರು ನೆಕ್ಕಿದ ಹಾಗಾಯಿತು. ಲೋಕದಲ್ಲಿ ಎಷ್ಟೋ ಜನ ಬಿಯರು ಕೆಡಿಸಿದ್ದಾರೆ. ರಬ್ಬರಿನ ಹೊಗೆ ಹಾಕಿ ಕೆಡಿಸಿದವಳು ನಾನೊಬ್ಬಳೇ ಇರಬೇಕು.

ಎರಡನೆಯ ಸಲಕ್ಕೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಕೆಳಗೆ ಒಣಗಿಸಿದೆ. ಕಹಿಗೆ ಹಾಪ್ಸ್ ಎಂಬ ಹೂವು ಬೇಕು, ಅದು ಅಂಚೆಯಲ್ಲಿ ಬಂತು. ಯೀಸ್ಟೂ ಹಾಗೆಯೇ. ಪೋಸ್ಟ್‌ಮ್ಯಾನ್ ಕೇಳಿದ, "ಎಂತ ಅಕ್ಕ ಇದು, ಮದ್ದಾ?" ಅಲ್ಲ, ಬಿಯರಿಗೆ ಎಂದೆ. ಯಾರಿಗೂ ಮದ್ದು ಎಂದು ಹೇಳಲಿಲ್ಲ. ಇದು ನಿನಗೆ ಗೊತ್ತಿರಲಿ.

ಬಾಟಲಿಗೆ ಮುಚ್ಚಳ ಒತ್ತುವ ಮೆಷಿನ್ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಹುಡುಕಿ ಕಡೆಗೆ ಪುತ್ತೂರಿನ ಕಬೀರ್ ನೆನಪಾದ. ಮೊದಲು ನಮ್ಮ ಕಾಲೇಜಿನ ಕ್ಯಾಂಟೀನಿಗೆ ಸೋಡಾ ಕೊಡುತ್ತಿದ್ದವನು. ಅವನ ಅಂಗಡಿಯ ಮೂಲೆಯಲ್ಲಿ ಕೈಯಿಂದ ಒತ್ತುವ ಹಳೆಯದೊಂದು ಬಿದ್ದಿತ್ತು.

"ನೋಡಿ ಅಕ್ಕ, ಇದು ಸೋಡಾದ ಮೆಷಿನ್," ಎಂದ. "ನಾನು ಸೋಡಾದ ಮೆಷಿನ್ ಕೊಟ್ಟದ್ದು. ನೀವು ಎಂತ ತುಂಬಿಸುದು ಅಂತ ನಾನು ಕೇಳುದಿಲ್ಲ, ನೀವೂ ಹೇಳುದು ಬೇಡ."

"ಬಿಯರ್ ತುಂಬಿಸುದು ಕಬೀರ್," ಎಂದೆ.

"ಅಯ್ಯೋ ಮಾರಾಯ್ರೆ, ಹೇಳುದು ಬೇಡ ಅಂತಲೇ ಅಲ್ವಾ ನಾನು ಹೇಳಿದ್ದು!" ಎಂದು ತಲೆಗೆ ಕೈ ಹಚ್ಚಿದ. ಆಮೇಲೆ ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದ, "ದಪ್ಪ ಬಾಟ್ಲಿಯೇ ಆಗ್ಬೇಕು ಅಕ್ಕ. ಗ್ಯಾಸ್ ಉಂಟಲ್ಲ. ತೆಳುವಿದ್ದಕ್ಕೆ ತುಂಬಿಸಿದ್ರೆ ಒಡಿತದೆ, ಕೈ ಹೋಗ್ತದೆ."

ಅಬಕಾರಿಯವರು ಬಂದರೆ ಬಾಗಿಲು ತೆಗೆಯುವವಳು ನಾನು, ಉತ್ತರ ಕೊಡುವವಳೂ ನಾನು. ನಾನು ಯಾರಿಗೂ ಮಾರುವುದಿಲ್ಲ. ಭವಿತಾಳ ಸಂಬಂಧ ಒಂದು ಗ್ಲಾಸು ಬಿಯರಿಗೆ ಮುರಿಯುವುದಾದರೆ ಮುರಿಯಲಿ, ಅಂಥ ಮನೆ ಅವಳಿಗೆ ಬೇಡ. ಇದು ಅವಳದೇ ಮಾತು, ನಾನು ಬರೆದುಕೊಟ್ಟದ್ದಲ್ಲ.

ಮೇ ತಿಂಗಳಲ್ಲಿ ಬರುತ್ತೇನೆ. ಬರಿಗೈಯಲ್ಲಿ ಅಲ್ಲ.

ಶೀಲಾವತಿ


ಆಲಂಕಾರು
೧೬ ಮಾರ್ಚ್ ೨೦೨೪

ಶೀಲಾವತಿಗೆ,

ನಿನ್ನ ಕಾಗದದಲ್ಲಿ ತಮಾಷೆ ಬಹಳ ಇದೆ. ನಾನು ತಮಾಷೆ ಬರೆಯುವುದಿಲ್ಲ.

ಮೊನ್ನೆ ಹಾಲಿನ ಸೊಸೈಟಿಯಲ್ಲಿ ಚೆನ್ನಕೇಶವ ಎಲ್ಲರ ಎದುರು ಕೇಳಿದ, "ತೀರ್ಥರಾಮಣ್ಣ, ನಿಮ್ಮ ತಂಗಿ ಬಿಯರ್ ಫ್ಯಾಕ್ಟರಿ ಹಾಕಿದ್ದಾರಂತೆ ಹೌದಾ?" ಎಂದು. ಸುಳ್ಳು ಸುದ್ದಿ ಎಂದು ಹೇಳಿ ಕ್ಯಾನು ತೆಗೆದುಕೊಂಡು ಬಂದೆ. ಹಾಲು ಅಳೆಸಲೂ ಇಲ್ಲ. ಈ ವಯಸ್ಸಿನಲ್ಲಿ ನನಗೆ ಇದು ಬೇಕಿತ್ತೇ?

ನಾನು ಇಷ್ಟು ದಿನ ಬರೆಯದೆ ಇದ್ದ ಒಂದು ಮಾತು ಇದೆ. ನೀನು ಬರೆಯಿಸುತ್ತಿದ್ದೀ, ಅದಕ್ಕೆ ಬರೆಯುತ್ತೇನೆ. ಉದಯ ಭಾವ ಯಾವುದರಿಂದ ಹೋದರು? ಯಾವುದು ನಿನ್ನ ಹಣೆಯ ಕುಂಕುಮ ಅಳಿಸಿತೋ ಅದನ್ನೇ ಬಕೆಟಿನಲ್ಲಿ ತುಂಬಿಸಿ ಮನೆಯೊಳಗೆ ಇಟ್ಟುಕೊಂಡಿದ್ದೀಯಲ್ಲ, ಅದರ ಗುಳುಗುಳು ಶಬ್ದಕ್ಕೆ ನಿನಗೆ ನಿದ್ದೆ ಹೇಗೆ ಬರುತ್ತದೆ?

ಆ ಬಕೆಟು ಹೊರಗೆ ಹೋಗುವವರೆಗೆ ನೀನು ಈ ಮನೆಗೆ ಬರಬೇಡ. ಬಿಸು ಹಬ್ಬಕ್ಕೂ ಬೇಡ. ಮೇ ೧೨ಕ್ಕೆ ಕಾರಣವರಿಗೆ ಬಡಿಸುವಾಗಲೂ ಬೇಡ.

ಇತಿ
ತೀರ್ಥರಾಮ


ಕಲ್ಲುಗುಂಡಿ
೧೪ ಏಪ್ರಿಲ್ ೨೦೨೪, ಬಿಸು

ಅಣ್ಣನಿಗೆ,

ಇವತ್ತು ಬಿಸು. ಹುಟ್ಟಿದಂದಿನಿಂದ ಮೊದಲ ಸಲ ಆಲಂಕಾರಿನ ಮನೆಯಲ್ಲಿ ಹೊಸ ವರ್ಷದ ಕಣಿ ನೋಡಲಿಲ್ಲ. ಇಲ್ಲೇ ಒಂದು ಸೌತೆಕಾಯಿ, ಕನ್ನಡಿ, ನಾಲ್ಕು ಗೋಡಂಬಿ ಇಟ್ಟು ನೋಡಿದೆ. ಕನ್ನಡಿಯಲ್ಲಿ ನನ್ನ ಮುಖವೇ ಕಂಡಿತು. ಪರವಾಗಿಲ್ಲ, ನೋಡುವಂತಿತ್ತು.

ನಿನ್ನ ಕಾಗದ ಬಂದು ಒಂದು ತಿಂಗಳಾಗುತ್ತಾ ಬಂತು. ನಾಲ್ಕು ಸಲ ಉತ್ತರ ಬರೆದು ಹರಿದು ಹಾಕಿದ್ದೇನೆ. ಇದನ್ನು ಹರಿಯುವುದಿಲ್ಲ.

ಉದಯ ಯಾವುದರಿಂದ ಹೋದರು ಎಂದು ನನ್ನನ್ನು ಕೇಳುತ್ತೀಯಾ? ಅವರು ಕುಡಿದು ಸತ್ತರು. ನೋಡು, ಬರೆದೆ. ಒಂಬತ್ತು ವರ್ಷದ ಹಿಂದೆ ಮಂಗಳೂರಿನ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತು "ಯಾರಾದ್ರೂ ಕೇಳಿದ್ರೆ ಕಾಮಾಲೆ ಅಂತ ಹೇಳು" ಎಂದು ನನಗೆ ಕಲಿಸಿಕೊಟ್ಟವನು ನೀನು. ನಾನು ಹಾಗೆಯೇ ಹೇಳಿದೆ. ಉತ್ತರಕ್ರಿಯೆಗೆ ಬಂದ ಅಷ್ಟೂ ಜನಕ್ಕೆ ಕಾಮಾಲೆ, ಕಾಮಾಲೆ, ಕಾಮಾಲೆ.

ಅವರು ಹೇಗೆ ಕುಡಿಯುತ್ತಿದ್ದರು ಎಂದು ನಿನಗೆ ಗೊತ್ತು. ಪಂಪ್‌ಶೆಡ್ಡಿನ ಹಿಂದೆ. ಹಟ್ಟಿಯ ಹಿಂದೆ. ಸ್ಕೂಟರಿನ ಡಿಕ್ಕಿಯಲ್ಲಿ. ಕುಡಿದು ಏಲಕ್ಕಿ ಜಗಿದುಕೊಂಡು ಒಳಗೆ ಬರುತ್ತಿದ್ದರು. ನನಗೆ ಗೊತ್ತಿಲ್ಲ ಎಂದು ಅವರು ನಟಿಸಬೇಕು, ಗೊತ್ತಿಲ್ಲ ಎಂದು ನಾನೂ ನಟಿಸಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಇಲ್ಲಿ ಬೆಕ್ಕು ಮಾತ್ರವಲ್ಲ, ನಾವೆಲ್ಲರೂ ಕಣ್ಣು ಮುಚ್ಚಿಕೊಂಡೆವು. ಎಷ್ಟು ಕುಡಿಯುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ, ಯಾಕೆಂದರೆ ಕುಡಿಯುವುದೇ ಇಲ್ಲವಲ್ಲ! ಹೆಂಗಸರ ಎದುರು ಕುಡಿಯದಿರುವುದು ನಮ್ಮ ಮನೆಯ ಮರ್ಯಾದೆಯಲ್ಲವೇ? ಆ ಮರ್ಯಾದೆಯಲ್ಲೇ ಅವರು ಹೋದರು. ಅವರು ಹೋದ ಮೇಲೆ ಮನೆ ಗುಡಿಸುವಾಗ ಸೌದೆಯ ರಾಶಿಯ ಅಡಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ನನ್ನ ಮದುವೆಯ ಪೆಟ್ಟಿಗೆಯಲ್ಲಿ ಕೂಡ ಖಾಲಿ ಬಾಟಲಿ ಸಿಕ್ಕಿದವು. ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಕುಡಿದದ್ದಕ್ಕಲ್ಲ. ಅಡಗಿಸಲು ಅವರು ಪಟ್ಟ ಕಷ್ಟಕ್ಕೆ ಅತ್ತೆ.

ನನ್ನ ಬಕೆಟು ಅಡುಗೆಮನೆಯ ನಡುವೆ ಕಿಟಕಿಯ ಕೆಳಗೆ ಇದೆ. ಬಂದವರಿಗೆಲ್ಲ ಕಾಣುತ್ತದೆ. ಮೊನ್ನೆ ಎರಡನೆಯ ಸಲದ್ದು ಹದವಾಗಿ ಬಂತು. ಭಾನುವಾರ ಮಧ್ಯಾಹ್ನ ಊಟದ ಜೊತೆ ಒಂದು ಗ್ಲಾಸು, ಬಾಗಿಲು ತೆರೆದಿಟ್ಟು. ಎರಡನೆಯ ಗ್ಲಾಸು ಬೇಕೆಂದು ಅನಿಸಿದರೆ ಅದೂ ನನಗೆ ಕಾಣುತ್ತದೆ. ನನಗೆ ಒಳ್ಳೆಯ ನಿದ್ದೆ ಬರುತ್ತದೆ.

ಬಕೆಟು ಹೊರಗೆ ಹೋಗುವುದಿಲ್ಲ. ನೀನು ಬೇಡವೆಂದ ಮನೆಗೆ ನಾನೂ ಬರುವುದಿಲ್ಲ. ಆದರೆ ಮೇ ೧೨ಕ್ಕೆ ನನ್ನ ಬಿಯರ್ ಬರುತ್ತದೆ. ಎಲ್ಲರೂ ಊಟಕ್ಕೆ ಕೂತಾಗ, ನಾನು ಯಾವಾಗಲೂ ಕೂರುವ ಜಾಗದಲ್ಲಿ ಆರು ಬಾಟಲಿ ಇರುತ್ತವೆ. ಯಾರು ತರುತ್ತಾರೆ ಎಂದು ಕೇಳಬೇಡ. ಹೇಳಿಯೇ ಮಾಡುತ್ತಿದ್ದೇನೆ, ಕದ್ದು ಅಲ್ಲ.

ಇನ್ನೂ ನಿನ್ನ ತಂಗಿಯೇ
ಶೀಲಾವತಿ


ಆಲಂಕಾರು
೧೫ ಮೇ ೨೦೨೪

ಶೀಲಾವತಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾನುವಾರ ಬೆಳಗ್ಗೆ ಫ್ರಿಡ್ಜ್ ನೋಡಿದೆ, ಅಟ್ಟ ನೋಡಿದೆ, ಭವಿತಾಳ ಚೀಲವನ್ನೂ ನೋಡಿದೆ. ಬಾಟಲಿ ಇರಲಿಲ್ಲ. ನಿನ್ನದು ಬರಿಯ ಬೆದರಿಕೆ ಎಂದುಕೊಂಡೆ. ಒಳಕೋಣೆ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಕಾರಣವರ ಕೋಣೆಯಲ್ಲಿ ಯಾರು ಏನು ಅಡಗಿಸುತ್ತಾರೆ? ತಂಪಾದ, ಕತ್ತಲೆಯ ಜಾಗದಲ್ಲಿಡು ಎಂದು ನೀನು ಭವಿತಾಳಿಗೆ ಹೇಳಿದ್ದೆಯಂತೆ. ಈ ಸೆಕೆಯಲ್ಲಿ ಮನೆಯಲ್ಲಿ ಅಂಥ ಜಾಗ ಅದೊಂದೇ ಎಂದು ಅವಳು ಅಕ್ಕಿ ಪೆಟ್ಟಿಗೆಯ ಹಿಂದೆ ಇಟ್ಟಿದ್ದಳು.

ಆ ಕೋಣೆಯಲ್ಲಿ ಎಲೆ ಹಾಕಿ, ರೊಟ್ಟಿ, ಕೋಳಿಸಾರು ಬಡಿಸಿ, ಬ್ರಾಂದಿ ಇಟ್ಟು, ದೀಪ ಹಚ್ಚಿದೆವು. ಈ ಸಲ ದೊಡ್ಡ ದೀಪ ಎರಡು. ಬಾಗಿಲು ಎಳೆದುಕೊಂಡು ಹೊರಗೆ ಬಂದು, ತೀರಿಹೋದ ಹಿರಿಯರು ಉಂಡು ಏಳುವಷ್ಟು ಹೊತ್ತು ಯಾವಾಗಿನ ಹಾಗೆ ಮಾತಿಲ್ಲದೆ ಕೈಮುಗಿದು ನಿಂತಿದ್ದೆವು. ಗುರುವಪ್ಪ ದೊಡ್ಡಪ್ಪ ಬಾಗಿಲು ತಟ್ಟಲು ಮುಂದೆ ಹೋದರು, ಅಷ್ಟರಲ್ಲಿ ಒಳಗೆ ಢಬ್ ಎಂದು ಒಂದು ಶಬ್ದವಾಯಿತು.

ಮತ್ತೆ ಎರಡು ಸಲ ಢಬ್, ಢಬ್. ಬಾಗಿಲ ಅಡಿಯಿಂದ ನೊರೆ ಹೊರಗೆ ಬಂತು. ಹೆಂಗಸರು ಕೂಗಿದರು. ದೊಡ್ಡಪ್ಪ ಅಲ್ಲೇ ಅಡ್ಡ ಬಿದ್ದರು.

"ಕಾರ್ನೋರಿಗೆ ಸಿಟ್ಟು ಬಂದುಂಟು," ಎಂದರು. "ಮನೆ ಮಗಳನ್ನು ಹೊರಗೆ ಇಟ್ಟು ಬಡಿಸಿದ್ರೆ ಅವ್ರು ಹೇಗೆ ಉಣ್ಣುದು? ಶೀಲ ಎಲ್ಲಿ? ತೀರ್ಥ, ಶೀಲನಿಗೆ ಬರ್ಬೇಡ ಅಂತ ಹೇಳಿದ್ದು ಯಾರು?"

ಎಲ್ಲರೂ ನನ್ನ ಮುಖ ನೋಡಿದರು. ನಾನೊಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಾಜು ಹೆಕ್ಕಿದೆ, ನೆಲ ಒರೆಸಿದೆ. ಕೈ ಸ್ವಲ್ಪ ಕೊಯ್ದಿದೆ, ದೊಡ್ಡದೇನಲ್ಲ. ಮೂರು ಒಡೆದಿದ್ದವು, ಮೂರು ಉಳಿದಿದ್ದವು. ವಿಷಯ ನನಗೆ ಮತ್ತು ಭವಿತಾಳಿಗೆ ಮಾತ್ರ ಗೊತ್ತು.

ಬಡಿಸಿದ್ದು ಸೇರಲಿಲ್ಲ, ಆದ್ದರಿಂದ ಜೂನ್ ೩೦ಕ್ಕೆ ಪುನಃ ಬಡಿಸಬೇಕು, ಆ ದಿನ ನೀನು ಇರಲೇಬೇಕು ಎಂದು ಎಲ್ಲರೂ ತೀರ್ಮಾನ ಮಾಡಿದ್ದಾರೆ. ಆದ್ದರಿಂದ ನೀನು ಬಾ. ಬಾಟಲಿಯ ವಿಷಯ ಎತ್ತಬೇಡ. ಕಾರಣವರ ಸಿಟ್ಟು ಎಂದೇ ಇರಲಿ. ನಿನಗೂ ಮರ್ಯಾದೆ, ನನಗೂ ಮರ್ಯಾದೆ.

ಇತಿ
ತೀರ್ಥರಾಮ


ಕಲ್ಲುಗುಂಡಿ
೨೬ ಮೇ ೨೦೨೪

ಪ್ರೀತಿಯ ಅಣ್ಣ,

ಮೊದಲು ಕೈಗೆ ಮದ್ದು ಹಾಕಿಸಿಕೋ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡೆಯಾ? ದೊಡ್ಡದೇನಲ್ಲ ಎಂದು ನೀನು ಬರೆದರೆ ದೊಡ್ಡದೇ ಇರುತ್ತದೆ.

ಓದಿ ನಕ್ಕೆ. ತುಂಬ ನಕ್ಕೆ. ಆಮೇಲೆ ಬಾಗಿಲ ಹಿಂದೆ ಯಾರಾದರೂ ಮಕ್ಕಳು ನಿಂತಿದ್ದರೆ ಎಂದು ಯೋಚಿಸಿ ನಗು ನಿಂತಿತು. ತಪ್ಪು ನನ್ನದು. ದಪ್ಪ ಬಾಟಲಿ ಮೂರೇ ಇದ್ದವು. ಪುತ್ತೂರಿಗೆ ಹೋಗಲು ಉದಾಸೀನವಾಗಿ ಉಳಿದದ್ದನ್ನು ಪುನರ್ಪುಳಿ ಶರಬತ್ತಿನ ಮೂರು ತೆಳು ಬಾಟಲಿಗೆ ತುಂಬಿಸಿದೆ. ಮುಚ್ಚಳ ಸರಿಯಾಗಿ ಕೂತಿತ್ತು, ಸಾಕು ಎಂದುಕೊಂಡೆ. ಗ್ಯಾಸ್ ಬರಲಿ ಎಂದು ಬೆಲ್ಲವನ್ನೂ ಕೈಯಳತೆಯಲ್ಲಿ ಹಾಕಿದ್ದೆ, ಪಾಯಸಕ್ಕೆ ಹಾಕಿದ ಹಾಗೆ. ಮೇಲಿಂದ ಮೇ ತಿಂಗಳ ಸೆಕೆ, ನಿನ್ನ ಎರಡು ದೀಪ. ಒಡೆಯದೆ ಏನು ಮಾಡಬೇಕು? ಕಬೀರ್ ಅಷ್ಟು ಹೇಳಿದ್ದ. ತಂಪಾದ ಜಾಗದಲ್ಲಿ ಇಡು ಎಂದು ಹೇಳುವ ಬದಲು, ಬಂದ ಕೂಡಲೇ ಜಗಲಿಯ ಮೇಲೆ ಎಲ್ಲರ ಎದುರು ಇಡು ಎಂದು ಭವಿತಾಳಿಗೆ ಹೇಳಬೇಕಿತ್ತು. ಅಡಗಿಸುವುದನ್ನು ಬೈದವಳು ನಾನು, ನನ್ನ ಬಾಟಲಿಯೂ ಅಕ್ಕಿ ಪೆಟ್ಟಿಗೆಯ ಹಿಂದೆಯೇ ಹೋಗಿ ಕೂತಿತಲ್ಲ.

ಈಗ ನಿನ್ನ ಕರೆಯ ವಿಷಯ.

ದೊಡ್ಡಪ್ಪನ ಮಾತು ಓದಿ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಮನೆ ಮಗಳು ಎಂದರಲ್ಲ. ಒಂದು ಹೊತ್ತು ಅನಿಸಿತು, ಹೋಗಿಬಿಡುವ, ಬಾಯಿ ಮುಚ್ಚಿ ಕೂತು ಉಂಡು ಬರುವ ಎಂದು. ಕಾರಣವರೇ ನನ್ನ ಪರ ಎಂದಾದರೆ ಯಾರಿಗೆ ಬೇಡ?

ಆದರೆ ಬರುವುದಿಲ್ಲ ಅಣ್ಣ. ಒಂದು ಸಲ ಕಾಮಾಲೆ ಎಂದು ಹೇಳಿಸಿದೆ. ಈಗ ಕಾರಣವರ ಸಿಟ್ಟು ಎಂದು ಹೇಳಿಸುತ್ತಿದ್ದೀ. ಇನ್ನು ನಾನು ಸತ್ತರೆ ಯಾವ ಹೆಸರು ಹೇಳುತ್ತೀ? ಅಲ್ಲಿ ನಿಂತಿದ್ದ ಅಷ್ಟು ಗಂಡಸರಲ್ಲಿ ಒಬ್ಬನಿಗೂ ಆ ನೊರೆಯ ವಾಸನೆ ಗೊತ್ತಾಗಲಿಲ್ಲವೇ? ಗೊತ್ತಾಗಿದೆ. ಗೊತ್ತಾಯಿತು ಎಂದರೆ ಆ ವಾಸನೆ ಅವನಿಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ, ಅದಕ್ಕೆ ಎಲ್ಲರೂ ಗಪ್‌ಚಿಪ್.

ಅದೇ ಜನ, ಅದೇ ಜಗಲಿ. ಅವರ ಎದುರು ನೀನು ಹೇಳು. ಅದು ಶೀಲಾವತಿ ಮಾಡಿದ ಬಿಯರ್, ಬಾಟಲಿ ತೆಳುವಿತ್ತು, ಒಡೆಯಿತು, ಅವಳನ್ನು ಬರಬೇಡ ಎಂದದ್ದು ನಾನು ಎಂದು. ಅದರ ಮೇಲೂ ಬಾ ಎಂದರೆ ಮೊದಲ ಬಸ್ಸಿಗೆ ಬರುತ್ತೇನೆ. ಬೇಡ ಎಂದರೆ ಇಲ್ಲಿಯೇ ಒಂದು ಎಲೆ ಹಾಕಿ ಅಜ್ಜನಿಗೂ ಅಜ್ಜಿಗೂ ಉದಯರಿಗೂ ನಾನೇ ಬಡಿಸುತ್ತೇನೆ. ಬಾಗಿಲು ಹಾಕುವುದಿಲ್ಲ.

ಸತ್ತವರ ಸಿಟ್ಟಿಗೆ ಹೆದರಿ ಕರೆದರೆ ಬರುವವಳಲ್ಲ ನಾನು. ಬದುಕಿರುವ ಅಣ್ಣ ಕರೆಯಬೇಕು.

ಶೀಲಾವತಿ

ತಾ.ಕ. ಒಡೆಯದೆ ಉಳಿದ ಮೂರನ್ನು ಬಿಸಿಲಿಗೆ ಇಡಬೇಡ. ಎಲ್ಲಿದ್ದಾವೆ ಈಗ?


ಆಲಂಕಾರು
೧೯ ಜೂನ್ ೨೦೨೪

ಪ್ರೀತಿಯ ಶೀಲ,

ಚುಚ್ಚುಮದ್ದು ತೆಗೆದುಕೊಂಡಿದ್ದೇನೆ. ಮೂರು ಹೊಲಿಗೆ ಬಿದ್ದಿತ್ತು. ಈಗ ಬಿಚ್ಚಿದ್ದಾರೆ.

ನಿನ್ನ ಕಾಗದ ಕಿಸೆಯಲ್ಲಿಟ್ಟುಕೊಂಡು ತಿರುಗಾಡಿದೆ. ನಿನ್ನ ಮೇಲೆ ಬಹಳ ಸಿಟ್ಟು ಬಂತು. ಅದು ಈಗಲೂ ಸ್ವಲ್ಪ ಇದೆ. ಮೊನ್ನೆ ಭಾನುವಾರ ಬಡಿಸುವ ಏರ್ಪಾಡಿನ ಮಾತಿಗೆ ಎಲ್ಲರೂ ಸೇರಿದ್ದರು. ಯಾರು ಕೋಳಿ ತರುವುದು, ಯಾರು ಎಲೆ ತರುವುದು ಎಂದು ಮಾತಾಗುತ್ತಿತ್ತು. ನಾನು ಎದ್ದು ನಿಂತೆ. ನೀನು ಬರೆದುಕೊಟ್ಟ ಮಾತು ಬಾಯಿಗೆ ಬರಲಿಲ್ಲ. "ಅದು ಕಾರ್ನೋರು ಅಲ್ಲ, ಬಿಯರ್. ಶೀಲ ಮಾಡಿದ್ದು. ಅವಳಿಗೆ ಬರ್ಬೇಡ ಅಂತ ಹೇಳಿದ್ದು ನಾನು," ಎಂದಷ್ಟೇ ಹೇಳಿ ಕೂತೆ.

ಗುರುವಪ್ಪ ದೊಡ್ಡಪ್ಪ ವೀಳ್ಯದೆಲೆ ಒರೆಸುತ್ತಾ ಇದ್ದರು.

"ಹಾಗಾದ್ರೆ ಕಾರ್ನೋರಿಗೆ ಸಿಟ್ಟು ಬರ್ಲಿಲ್ವಾ?" ಎಂದರು.

"ಅದು ನಂಗೆ ಗೊತ್ತಿಲ್ಲ ದೊಡ್ಡಪ್ಪ. ಬಾಟ್ಲಿ ಮಾತ್ರ ಶೀಲನದ್ದು."

"ಬಾಟ್ಲಿ ಯಾರದ್ದೇ ಆಗ್ಲಿ. ಮಗಳನ್ನು ಹೊರಗೆ ಇಟ್ಟದ್ದು ಹೌದಲ್ಲ? ನನ್ನ ಮಾತು ಸರಿಯೇ ಉಂಟು," ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಒಡಿಯದ್ದು ಇನ್ನು ಉಂಟಾ?" ಎಂದು ಕೇಳಿದರು.

ಉಂಟು ಎಂದೆ. ಫ್ರಿಡ್ಜಿನಲ್ಲಿ ಮೊಸರಿನ ಪಕ್ಕ ಇತ್ತು. ಒಡೆದ ದಿನದಿಂದ ಅಲ್ಲೇ ಇತ್ತು, ಬಿಸಾಡಲು ಕೈ ಬರಲಿಲ್ಲ. ನಿನ್ನ ಅತ್ತಿಗೆ ಲೋಟ ತಂದಳು. ಗಂಡಸರು ಹಟ್ಟಿಯ ಹಿಂದೆ ಹೋಗಲು ಎದ್ದರು. "ಇಲ್ಲೇ ಕೂತ್ಕೊಳ್ಳಿ," ಎಂದೆ. ಕೂತರು. ಮೂರು ಬಾಟಲಿ ಎಷ್ಟು ಜನಕ್ಕೆ ಆಗುತ್ತದೆ, ಒಬ್ಬೊಬ್ಬರಿಗೆ ಎರಡೆರಡು ಗುಟುಕು. ನಿನ್ನ ಅತ್ತಿಗೆಯೂ ಕುಡಿದಳು. ಕಹಿ ಎಂದಳು.

ಆ ಹೊತ್ತಿನಲ್ಲಿ ಇನ್ನೊಂದು ಮಾತನ್ನೂ ಹೇಳಿದೆ. ಉದಯ ಭಾವನದ್ದು ಕಾಮಾಲೆ ಅಲ್ಲ ಎಂದು. ಯಾರಿಗೂ ಆಶ್ಚರ್ಯವಾಗಲಿಲ್ಲ ಶೀಲ. ಒಬ್ಬರಿಗೂ ಆಗಲಿಲ್ಲ. ಒಂಬತ್ತು ವರ್ಷ ನಾವು ಯಾರಿಂದ ಅಡಗಿಸಿದ್ದು?

ಜೂನ್ ೩೦ಕ್ಕೆ ಬಾ. ನಾನು ಕರೆಯುತ್ತಿದ್ದೇನೆ, ಬೇರೆ ಯಾರೂ ಅಲ್ಲ. ಈ ಸಲ ಬ್ರಾಂದಿ ತರುವುದಿಲ್ಲ. ಕಾರಣವರ ಎಲೆಯ ಮುಂದೆ ನಿನ್ನ ಬಿಯರನ್ನು ನೀನೇ ಹೊಯ್ಯಬೇಕು. ಹೆಂಗಸರು ಹೊಯ್ಯುವ ಕ್ರಮ ಇಲ್ಲ ಎಂದು ಇಬ್ಬರು ಹೇಳಿದರು. ಕ್ರಮ ಇಲ್ಲ, ಈಗ ಮಾಡುವ ಎಂದೆ.

ನಿನ್ನೆ ಪುತ್ತೂರಿಗೆ ಹೋಗಿ ಕಬೀರನನ್ನು ಹುಡುಕಿದೆ. ದಪ್ಪ ಬಾಟಲಿ ಬೇಕು ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ, ನಾನೇ ಹೇಳಿದೆ. ಅವನು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡ. ಎರಡು ಕೇಸು ತಂದಿದ್ದೇನೆ. ಬೆಳಗ್ಗೆ ನಾನೇ ಕೂತು ಬಿಸಿನೀರಿನಲ್ಲಿ ತೊಳೆದೆ. ಹಳೆಯ ಲೇಬಲ್ಲು ಬೇಗ ಬಿಡುವುದಿಲ್ಲ, ತೆಂಗಿನ ಸಿಪ್ಪೆಯಿಂದ ಉಜ್ಜಬೇಕಾಯಿತು. ಹಿತ್ತಿಲಿನಲ್ಲಿ ಒಣಗಲು ಇಡೋಣವೆಂದು ನಿನ್ನ ಅತ್ತಿಗೆ ಹೇಳಿದಳು. ಮಳೆಗಾಲ, ಅಲ್ಲಿ ಒಣಗುವುದಿಲ್ಲ. ಎದುರಿನ ಜಗಲಿಯಲ್ಲಿ ಸಾಲಾಗಿ ಬೋರಲು ಇಟ್ಟಿದ್ದೇನೆ, ರಸ್ತೆಗೆ ಕಾಣುವ ಹಾಗೆ.

ಚೆನ್ನಕೇಶವ ಹಾಲಿನ ಕ್ಯಾನು ಹಿಡಿದುಕೊಂಡು ಹೋಗುತ್ತಿದ್ದವನು ಗೇಟಿನ ಹತ್ತಿರ ನಿಂತುಬಿಟ್ಟ.

"ಎಂತ ತೀರ್ಥರಾಮಣ್ಣ, ಇಷ್ಟು ಬಾಟ್ಲಿ?"

"ತಂಗಿದು," ಎಂದೆ. "ಬಿಯರ್ ಮಾಡ್ಲಿಕ್ಕೆ."

ನಿನ್ನ ಅಣ್ಣ
ತೀರ್ಥರಾಮ